ಅಚ್ಚಿಗೆ ಮುಂಚೆ ಚಂದಾ: ಜಿ.ಬಿ. ಜೋಶಿ ಹಾದಿಯಲ್ಲಿ ನನ್ನ ಮೂರು ವರ್ಷ

"ಈಗಿನ ಕಾಲದಾಗ ಯಾರು ಮೊದ್ಲ ರೊಕ್ಕಾ ಕೊಡ್ತಾರೋ ಮಾರಾಯಾ?" ಚಂದಾ ಹಾಕಿಸಿ ಪುಸ್ತಕ ತರ್ತೀನಿ ಅಂದಾಗ ಪ್ರಕಾಶಕ ಗೆಳೆಯನೊಬ್ಬ ಹೀಗೆ ನಕ್ಕಿದ್ದ.

ನಗಲು ಕಾರಣವಿತ್ತು. ಅದಕ್ಕೂ ಮೊದಲು ಒಂದು ಕಾದಂಬರಿಯ ಸಾವಿರ ಪ್ರತಿ ಹಾಕಿಸಿದ್ದೆ, ಗ್ರಂಥಾಲಯದ ಸಗಟು ಖರೀದಿ ನಂಬಿಕೊಂಡು. ಖರೀದಿ ಆಗಲಿಲ್ಲ. ಅಂಗಡಿಗಳು ನೂರಕ್ಕೆ ನಲವತ್ತು ಕಮಿಷನ್ ಹಿಡಿದವು, ಉಳಿದದ್ದಕ್ಕೂ ಎಂಟು ತಿಂಗಳು ಓಡಾಡಿಸಿದವು. ಸುಮಾರು 65 ಸಾವಿರ ಹೋಯಿತು. ಆರುನೂರು ಪ್ರತಿ ಮಂಚದ ಕೆಳಗೆ. ಎತ್ತಿ ನೋಡಿದರೆ ಕೆಳಗಿನ ಕಟ್ಟಿಗೆ ಗೆದ್ದಲು. ಬೆನ್ನಿನ ಗೋಂದು ತಿಂದು, ಹಾಳೆಯನ್ನು ಜರಡಿ ಮಾಡಿದ್ದವು.

ಆಗ ನೆನಪಾದದ್ದು ಧಾರವಾಡದ ಸುಭಾಷ್ ರಸ್ತೆಯ ಅಟ್ಟ, ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನದ ಕಚೇರಿ. ಗದಗ ತಾಲೂಕಿನ ಹೊಂಬಳದಲ್ಲಿ ಹುಟ್ಟಿದ ಜಿ.ಬಿ. ಜೋಶಿ 1933ರಲ್ಲಿ ಆ ಮಾಲೆ ಶುರು ಮಾಡಿದರು. ನಾಟಕಕಾರ 'ಜಡಭರತ' ಕೂಡ ಅವರೇ. ಮಾಲೆ ನಿಂತದ್ದು ಓದುಗರು ಮೊದಲೇ ಕಟ್ಟುವ ವರ್ಷದ ಚಂದಾ ಮೇಲೆ. ಇದರ ಗುಟ್ಟು ದುಡ್ಡು ಮೊದಲೇ ಬರುವುದಷ್ಟೇ ಅಲ್ಲ. 1961ರಲ್ಲಿ ಅವರು 'ಯಯಾತಿ' ತಂದಾಗ ಗಿರೀಶ ಕಾರ್ನಾಡ ಇಪ್ಪತ್ತು ದಾಟಿದ ಹುಡುಗ. ಅಂಗಡಿಯಲ್ಲಿ ಹೊಸಬನ ನಾಟಕ ಕೈಗೆತ್ತಿಕೊಳ್ಳುವವರು ಕಡಿಮೆ. ಮಾಲೆಯಲ್ಲಾದರೆ ಅದು ತಾನಾಗಿ ಮನೆಗೆ ಬರುತ್ತದೆ, ಅಲ್ವಾ?

ನಾನೂ ಹಾಗೇ ಮಾಡಿದೆ. ವರ್ಷಕ್ಕೆ ನಾಲ್ಕು ಪುಸ್ತಕ, ಅಂಚೆ ಸೇರಿ 600 ರೂಪಾಯಿ. ಡಿಮೈ ಅಳತೆ (ಮಾಮೂಲಿ ಪುಸ್ತಕದ ಗಾತ್ರ), ಹತ್ತು ಫಾರಂ ಒಳಗೆ, ಅಂದರೆ ಸುಮಾರು 160 ಪುಟ, ಮುನ್ನೂರೇ ಪ್ರತಿ. ಮೊದಲ ವರ್ಷ ಸೇರಿದವರು 212 ಜನ. ಒಂದು ಲಕ್ಷ ಇಪ್ಪತ್ತೇಳು ಸಾವಿರ ಬಂತು. ಅಚ್ಚಿಗೆ ಒಂದು ಲಕ್ಷ ಎಂಟು ಸಾವಿರ, ಅಂಚೆಗೆ ಹದಿನೇಳು. ಕೈಯಲ್ಲಿ ಎರಡು ಸಾವಿರ! ಲೇಖಕರ ಗೌರವಧನಕ್ಕೆ ಉಳಿದ ಪ್ರತಿ ಮಾರಬೇಕಾಯಿತು. ಆದರೂ ಸಾಲ ಇಲ್ಲ, ಮಂಚದ ಕೆಳಗೆ ಚಪ್ಪಲಿ ಬಿಟ್ಟರೆ ಏನೂ ಇಲ್ಲ.

ಹೊಸ ಕವಿಯ ಸಂಕಲನವನ್ನು ಹೆಸರಾದವರ ಕಾದಂಬರಿ ಜೊತೆ ಒಂದೇ ಕವರಿನಲ್ಲಿ ಹಾಕಿ. ಅಂಚೆ ಖರ್ಚೂ ಉಳಿಯುತ್ತದೆ, ಕವಿತೆ ಯಾಕೆ ಕಳಿಸಿದಿರಿ ಅನ್ನುವ ಫೋನೂ ಬರುವುದಿಲ್ಲ.

ಎಡವಿದ್ದು ನಾಲ್ಕನೇ ಪುಸ್ತಕದಲ್ಲಿ. ಲೇಖಕರು ಏಳು ತಿಂಗಳು ತಡ ಮಾಡಿದರು. ಕೊಟ್ಟ ಫೈಲು 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಹಳೇ ಅಕ್ಷರದ್ದು. ಈಗ ಎಲ್ಲೆಡೆ ಬಳಸುವ ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತೆಲ್ಲ ಅದಲುಬದಲು, ಕರಡು ಮೂರು ಸಲ ನೋಡಿದೆ. ಗದಗದ ಚಂದಾದಾರರೊಬ್ಬರು ಪ್ರತಿ ಸೋಮವಾರ ಫೋನ್: "ಏನ್ರೀ, ನಾಲ್ಕನೇದು ಎಲ್ಲೀತನಕ ಬಂತು?" ಈಗ ಎರಡು ಪುಸ್ತಕ ಕೈಯಲ್ಲಿ ಸಿದ್ಧವಾಗದೆ ಚಂದಾ ಕೇಳುವುದಿಲ್ಲ.

ನಡುವೆ ಗಳಗನಾಥರ ಹುಚ್ಚೂ ಹತ್ತಿತ್ತು. ಆ ಹಳೇ ಕಾದಂಬರಿಕಾರರು ತಮ್ಮ ಪುಸ್ತಕ ಹೊತ್ತು ಊರೂರು ನಡೆದು ಮಾರಿದವರು. ನಾನು ಒಂದು ಜಾತ್ರೆಗೆ ಚೀಲ ಹೊತ್ತು ಹೋದೆ. ಮಾರಿದ್ದು ಹನ್ನೊಂದು ಪ್ರತಿ, ಮಿರ್ಚಿ ಮಂಡಕ್ಕಿ ತಿಂದದ್ದು ಎರಡು ಸಲ. ಆದರೆ ಅಲ್ಲಿ ಕೊಂಡವರಲ್ಲಿ ಐದು ಜನ ಆಮೇಲೆ ಚಂದಾದಾರರಾದರು.

ಈ ವರ್ಷ 430 ದಾಟಿದೆ. ಮೊದಲ ಇನ್ನೂರು ಜನ ಎಲ್ಲಿ ಸಿಕ್ಕರು ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲಾರೆ. ನಕ್ಕಿದ್ದ ಗೆಳೆಯ ಹೋದ ವಾರ ಬಂದು, ಆ ಪಟ್ಟಿ ಒಂದು ಸಲ ತೋರಿಸು ಅಂದ. ಚಹಾ ಕುಡಿಸಿ, 600 ರೂಪಾಯಿಗೆ ರಸೀದಿ ಹರಿದುಕೊಟ್ಟೆ.