ಬ್ಯಾಕ್ಟೀರಿಯಾ ಕೈಯಲ್ಲಿ ಜೀನ್ಸ್ ನೀಲಿ ಮಾಡಿಸುವುದು ಹೇಗೆ

ಬಳ್ಳಾರಿಯಲ್ಲಿ ನಮ್ಮ ಓಣಿಯ ಚರಂಡಿ ನೀಲಿಯಾಗಿ ಹರಿಯುತ್ತಿತ್ತು. ಅಪ್ಪ ಜೀನ್ಸ್ ವಾಶಿಂಗ್ ಯೂನಿಟ್‌ನಲ್ಲಿ ಕೆಲಸಕ್ಕಿದ್ದರು. ಊಟಕ್ಕೆ ಕೂತಾಗ ಅವರ ಉಗುರಿನ ಸಂದಿಯಲ್ಲೂ ಅದೇ ಬಣ್ಣ. ಎಂ.ಎಸ್ಸಿ.ಯಲ್ಲಿ ‘ಬ್ಯಾಕ್ಟೀರಿಯಾದಿಂದ ಏನಾದರೂ ಕೆಮಿಕಲ್ ಮಾಡಿಸಿ’ ಅಂತ ಪ್ರಾಜೆಕ್ಟ್ ಕೊಟ್ಟಾಗ ನಾನು ಜಾಸ್ತಿ ಯೋಚಿಸಲಿಲ್ಲ. ಜೀನ್ಸ್‌ನ ಆ ನೀಲಿ ಬಣ್ಣ, ಇಂಡಿಗೋ ಅಂದೆ. ಈಗ ಲ್ಯಾಬಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೂ ಮೊದಲು ಇದನ್ನೇ ಮಾಡಿಸುತ್ತೇನೆ. ಕಾರಣ ಸುಲಭ. ಕೆಲಸ ಆಗಿದೆಯೋ ಇಲ್ಲವೋ ಅಂತ ಕಣ್ಣಿಗೇ ಕಾಣುತ್ತದೆ. ಬೇರೆ ಕೆಮಿಕಲ್ ಆದರೆ ದೊಡ್ಡ ಮಿಷನ್ ಮುಂದೆ ಸರದಿ ಕಾಯಬೇಕು.

ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ನಮ್ಮ ದೇಶದಲ್ಲಿ ಜೀನ್ ಬದಲಿಸಿದ ಬ್ಯಾಕ್ಟೀರಿಯಾಗಳಿಗೆ 1989ರ ನಿಯಮಗಳಿವೆ. ನಿಮ್ಮ ಸಂಸ್ಥೆಯ ಬಯೋಸೇಫ್ಟಿ ಕಮಿಟಿಗೆ ಮೊದಲು ತಿಳಿಸಿ, ಆಮೇಲೆ ಗ್ಲೌಸ್ ಹಾಕಿ.

ಶುರುವಿನಲ್ಲಿ ಪೈಪೆಟ್ ಮುಟ್ಟಬೇಡಿ, ಒಂದು ಹಾಳೆ ತಗೊಳ್ಳಿ. ದಾರಿ ಬರೆಯಿರಿ. ಟ್ರಿಪ್ಟೋಫಾನ್ ಅನ್ನುವ ಅಮೈನೋ ಆಮ್ಲವನ್ನು ಲ್ಯಾಬಿನಲ್ಲಿ ನಾವು ಬೆಳೆಸುವ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ತಾನೇ ಒಡೆದು ಇಂಡೋಲ್ ಮಾಡುತ್ತದೆ. ಅದಕ್ಕೆ ಬೇಕಾದ ಟ್ರಿಪ್ಟೋಫನೇಸ್ ಕಿಣ್ವ ಅದರೊಳಗೇ ಇದೆ. ಇಂಡೋಲ್‌ಗೆ ಆಮ್ಲಜನಕ ಸೇರಿಸುವ ಕಿಣ್ವ ಮಾತ್ರ ಇಲ್ಲ. ಅದೊಂದನ್ನು ನಾವು ಕೊಟ್ಟರೆ ಇಂಡಾಕ್ಸಿಲ್ ಆಗುತ್ತದೆ. ಆಮೇಲೆ ಗಾಳಿ ಇದ್ದರೆ ಸಾಕು, ಎರಡು ಇಂಡಾಕ್ಸಿಲ್ ತಾವೇ ಕೂಡಿಕೊಂಡು ಇಂಡಿಗೋ ಆಗುತ್ತವೆ. ಅಂದರೆ ನಾವು ಹಾಕಬೇಕಾದದ್ದು ಒಂದೇ ಜೀನ್. 1983ರಲ್ಲಿ ಅಮೆರಿಕದ ಆಮ್ಜೆನ್ ಕಂಪನಿಯಲ್ಲಿ ಬರ್ಟ್ ಎನ್ಸ್‌ಲಿ ಮತ್ತು ಜೊತೆಗಾರರು ನುಸಿಗುಳಿಗೆಯ ನ್ಯಾಫ್ತಲಿನ್ ಅನ್ನು ತಿನ್ನುವ ಬ್ಯಾಕ್ಟೀರಿಯಾದ ಜೀನ್‌ಗಳನ್ನು ಇ. ಕೋಲಿಗೆ ಹಾಕಿದ್ದರು. ಅವರು ಹುಡುಕುತ್ತಿದ್ದದ್ದು ಬೇರೆ, ಸಿಕ್ಕಿದ್ದು ನೀಲಿ.

ಅದೇ ಹಾಳೆಯಲ್ಲಿ ಲೆಕ್ಕವನ್ನೂ ಹಾಕಿ. ಟ್ರಿಪ್ಟೋಫಾನ್ ಅಣುತೂಕ 204, ಇಂಡಿಗೋದ್ದು 262. ಎರಡು ಸೇರಿ ಒಂದಾಗುವುದರಿಂದ 408 ಗ್ರಾಂ ಹಾಕಿದರೆ 262 ಗ್ರಾಂ. ಒಂದು ಗ್ರಾಂಗೆ 0.64 ಗ್ರಾಂ, ಅದಕ್ಕಿಂತ ಜಾಸ್ತಿ ದೇವರೇ ಬಂದರೂ ಸಿಗಲ್ಲ. ಈ ಅಂಕಿ ಮೊದಲೇ ಗೊತ್ತಿದ್ದರೆ ಆಮೇಲೆ ನಿಮಗೆ ನೀವೇ ಸುಳ್ಳು ಹೇಳಿಕೊಳ್ಳುವುದು ಕಷ್ಟ.

ಜೀನ್ ಬೇಕಲ್ವಾ. ನಾನು ಬಳಸುವುದು ಮೆಥೈಲೋಫಾಗಾ ಅನ್ನುವ ಬ್ಯಾಕ್ಟೀರಿಯಾದ ಎಫ್‌ಎಂಒ ಜೀನ್. ಇಂಡೋಲ್‌ಗೆ ಆಮ್ಲಜನಕ ಸೇರಿಸುವ ಕಿಣ್ವದ ಜೀನ್ ಇದೇ. ಎನ್ಸ್‌ಲಿ ದಾರಿಯಲ್ಲಿ ನಾಲ್ಕಾರು ಜೀನ್ ಒಟ್ಟಿಗೆ ಬೇಕು, ಇಲ್ಲಿ ಒಂದೇ ಸಾಕು. ಅದರ ಡಿಎನ್‌ಎ ಅಕ್ಷರಸಾಲನ್ನು ಇ. ಕೋಲಿಯ ಕೋಡಾನ್‌ಗೆ, ಅಂದರೆ ಅದು ಸಲೀಸಾಗಿ ಓದುವ ಮೂರಕ್ಷರದ ಪದಗಳಿಗೆ ಹೊಂದಿಸಿ, ಪಿಇಟಿ-28ಎ ಪ್ಲಾಸ್ಮಿಡ್‌ನಲ್ಲಿ (ಜೀನ್ ಹೊತ್ತೊಯ್ಯುವ ಚಿಕ್ಕ ಡಿಎನ್‌ಎ ಉಂಗುರ) ಕೂರಿಸಿ ಕಳಿಸಿ ಅಂತ ಆರ್ಡರ್ ಮಾಡಿದರೆ ಆಯಿತು. ಪುಡಿಯಾಗಿ ಬರುತ್ತದೆ. ಟ್ಯೂಬ್ ತೆರೆಯುವ ಮುಂಚೆ ಒಂದು ಸುತ್ತು ಸೆಂಟ್ರಿಫ್ಯೂಜ್ ಮಾಡಿ, ಅಂದರೆ ಮಿಷನ್‌ನಲ್ಲಿ ಗಿರ್ರನೆ ತಿರುಗಿಸಿ ಪುಡಿಯನ್ನು ತಳಕ್ಕೆ ಇಳಿಸಿ. ಪುಡಿ ಮುಚ್ಚಳಕ್ಕೆ ಅಂಟಿದ್ದರೆ ಅಲ್ಲೇ ಹೋಗುತ್ತದೆ. ನಮ್ಮ ಒಬ್ಬ ಹುಡುಗ ಹಾಗೆ ಪೂರ್ತಿ ಆರ್ಡರ್ ಅನ್ನು ಟಿಶ್ಯೂ ಪೇಪರ್‌ಗೆ ಒರೆಸಿ ಬಿಸಾಕಿದ್ದ.

ಬಿಎಲ್21 ಡಿಇ3 ಅನ್ನುವ ತಳಿಯ ಇ. ಕೋಲಿಯ ಕಾಂಪಿಟೆಂಟ್ ಸೆಲ್‌ಗಳನ್ನು (ಹೊರಗಿನ ಡಿಎನ್‌ಎ ಒಳಗೆ ತೆಗೆದುಕೊಳ್ಳಲು ಸಿದ್ಧಮಾಡಿ ಹೆಪ್ಪುಗಟ್ಟಿಸಿದ ಸೆಲ್‌ಗಳು) ಐಸ್ ಮೇಲೆ ಕರಗಿಸಿ. ನೀರಿನಲ್ಲಿ ಕರಗಿಸಿಕೊಂಡ ಪ್ಲಾಸ್ಮಿಡ್ 1 ಮೈಕ್ರೋಲೀಟರ್ ಹಾಕಿ, ಅರ್ಧ ಗಂಟೆ ಐಸ್‌ನಲ್ಲೇ ಬಿಡಿ. 42 ಡಿಗ್ರಿ ನೀರಿನಲ್ಲಿ 45 ಸೆಕೆಂಡ್, ತಿರುಗಿ ಐಸ್. ಎಲ್‌ಬಿ (ಬ್ಯಾಕ್ಟೀರಿಯಾದ ಊಟದ ಸಾರು) ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಸುಧಾರಿಸಿಕೊಳ್ಳಲು ಬಿಟ್ಟು, ಮಿಲಿಲೀಟರ್‌ಗೆ 50 ಮೈಕ್ರೋಗ್ರಾಂ ಕ್ಯಾನಮೈಸಿನ್ ಆಂಟಿಬಯೋಟಿಕ್ ಇರುವ ಪ್ಲೇಟ್ ಮೇಲೆ ಹರಡಿ. ಪ್ಲಾಸ್ಮಿಡ್ ಸೇರಿದ ಸೆಲ್ ಮಾತ್ರ ಅದರಲ್ಲಿ ಬದುಕುತ್ತದೆ. ಜೊತೆಗೆ ಹೋಲಿಕೆಗೆ ನಮ್ಮ ಜೀನ್ ಇಲ್ಲದ ಖಾಲಿ ಪ್ಲಾಸ್ಮಿಡ್ ಹಾಕಿದ ಇನ್ನೊಂದು ಪ್ಲೇಟ್ ಇರಲೇಬೇಕು. ಅದು ಇಲ್ಲದ ಪ್ರಯೋಗವನ್ನು ನಾನು ನೋಡುವುದೂ ಇಲ್ಲ.

ಮರುದಿನ ಒಂದು ಕಾಲೊನಿ ಆರಿಸಿ ರಾತ್ರಿ ಬೆಳೆಸಿ. 250 ಮಿಲಿಯ ಫ್ಲಾಸ್ಕ್‌ಗೆ 50 ಮಿಲಿ ಎಲ್‌ಬಿ ಹಾಕಿ, ರಾತ್ರಿ ಬೆಳೆದದ್ದರಲ್ಲಿ ಸ್ವಲ್ಪ ಸೇರಿಸಿ ಶುರು ಮಾಡಿ. 50 ಮಿಲಿ ಮಾತ್ರ. ಫ್ಲಾಸ್ಕ್ ತುಂಬಿಸಿದರೆ ಗಾಳಿ ಆಡಲ್ಲ, ಗಾಳಿ ಇಲ್ಲದೆ ಈ ಬಣ್ಣವೇ ಇಲ್ಲ. ಲೀಟರ್‌ಗೆ 2 ಗ್ರಾಂ ಲೆಕ್ಕದಲ್ಲಿ ಟ್ರಿಪ್ಟೋಫಾನ್ ಹಾಕಿ. ಅದು ನಿಧಾನವಾಗಿ ಕರಗುತ್ತದೆ, ತಾಳ್ಮೆ ಬೇಕು. ಓಡಿ (ಫ್ಲಾಸ್ಕ್ ಎಷ್ಟು ಮಬ್ಬಾಗಿದೆ ಅನ್ನುವ ಅಳತೆ, ಬೆಳವಣಿಗೆಯ ಗುರುತು) 0.6 ಬಂದಾಗ ನಾವು ಹಾಕಿದ ಜೀನ್ ಅನ್ನು ಎಬ್ಬಿಸುವ ಐಪಿಟಿಜಿ ಅನ್ನುವ ಕೆಮಿಕಲ್ 0.1 ಮಿಲಿಮೋಲಾರ್ ಹಾಕಿ, ಶೇಕರ್ ಅನ್ನು 30 ಡಿಗ್ರಿಗೆ ಇಳಿಸಿ. 37ರಲ್ಲೇ ಬಿಟ್ಟರೆ ಕಿಣ್ವ ಅವಸರದಲ್ಲಿ ತಪ್ಪಾಗಿ ಮಡಚಿಕೊಂಡು ಗಂಟು ಕಟ್ಟುವುದುಂಟು.

ಮೂಗಿಗೂ ಕೆಲಸ ಕೊಡಿ. ಇಂಡೋಲ್ ಸ್ವಲ್ಪ ಇದ್ದರೆ ಮಲ್ಲಿಗೆಯ ನೆನಪು, ಜಾಸ್ತಿಯಾದರೆ ಕಕ್ಕಸಿನ ನೆನಪು. ಶೇಕರ್ ರೂಮಿನ ಬಾಗಿಲಲ್ಲೇ ಘಾಟು ಹೊಡೆದರೆ ಇಂಡೋಲ್ ಬಣ್ಣವಾಗದೆ ಉಳಿದಿದೆ ಅಂತ ಅರ್ಥ. ಇಂಡೋಲ್ ಹೆಚ್ಚಾದರೆ ಬ್ಯಾಕ್ಟೀರಿಯಾಕ್ಕೇ ವಿಷ, ಬೆಳವಣಿಗೆ ನಿಲ್ಲುತ್ತದೆ. ಆಗ ಟ್ರಿಪ್ಟೋಫಾನ್ ಒಂದೇ ಸಲ ಸುರಿಯದೆ ಕಂತಿನಲ್ಲಿ ಹಾಕಿ.

ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಮೊದಲ ಸಲ ತೆಳು ನೀಲಿ ಬಂತು. ಹೊಟ್ಟೆ ತುಂಬಾ ಕೊಟ್ಟರೆ ಜಾಸ್ತಿ ದುಡಿಯುತ್ತವೆ ಅಂದುಕೊಂಡು ಮುಂದಿನ ಸಲ ಗ್ಲೂಕೋಸ್ ಹಾಕಿದೆ. ಬೆಳಿಗ್ಗೆ ಬಂದು ನೋಡಿದರೆ ಫ್ಲಾಸ್ಕ್ ಗಟ್ಟಿ ಮಜ್ಜಿಗೆಯ ಹಾಗೆ ಬೆಳ್ಳಗೆ. ಪ್ಲಾಸ್ಮಿಡ್ ಹಾಳಾಗಿದೆ ಅಂತ ಮೂರು ವಾರ ಅದನ್ನೇ ಪರೀಕ್ಷೆ ಮಾಡಿದೆ. ಪ್ಲಾಸ್ಮಿಡ್ ನೆಟ್ಟಗಿತ್ತು. ತಪ್ಪು ಗ್ಲೂಕೋಸ್‌ನದು. ಅದು ಇರುವ ತನಕ ಇ. ಕೋಲಿ ಟ್ರಿಪ್ಟೋಫನೇಸ್ ಜೀನ್ ಅನ್ನು ಮುಚ್ಚಿಟ್ಟಿರುತ್ತದೆ. ಹೋಳಿಗೆ ಇರುವಾಗ ತಂಗಳು ರೊಟ್ಟಿ ಯಾರು ಮುಟ್ಟುತ್ತಾರೆ? ಇಂಡೋಲ್ ಇಲ್ಲ, ಹಾಗಾಗಿ ಬಣ್ಣ ಇಲ್ಲ. ನಾನು ಹಾಕಿದ ಜೀನ್ ಸುಮ್ನೆ ಕೈಕಟ್ಟಿ ಕೂತಿತ್ತು. ಅಂದಿನಿಂದ ಏನಾದರೂ ಕೆಟ್ಟರೆ ನಾನು ಮೊದಲು ನೋಡುವುದು ಹಾಕಿದ ಜೀನ್ ಅಲ್ಲ, ಹಾಕಿದ ಊಟ.

ಇನ್ನೊಂದು ಮೋಸ ಓಡಿಯಲ್ಲಿದೆ. ಬೆಳವಣಿಗೆಯನ್ನು 600 ನ್ಯಾನೋಮೀಟರ್‌ನಲ್ಲಿ ಅಳೆಯುತ್ತೇವೆ. ಇಂಡಿಗೋ ಬೆಳಕು ಹೀರುವುದೂ ಅದರ ಪಕ್ಕದಲ್ಲೇ. ಬಣ್ಣ ಬಂದ ಮೇಲಿನ ಓಡಿಯನ್ನು ನಂಬಬೇಡಿ, ಪ್ಲೇಟ್ ಹಾಕಿ ಕಾಲೊನಿ ಎಣಿಸಿ.

ಬಣ್ಣ ಎಷ್ಟು ಬಂತು ಅಂತ ಅಳೆಯುವುದು ಹೀಗೆ. ಇಂಡಿಗೋ ನೀರಿನಲ್ಲಿ ಕರಗಲ್ಲ, ಸೆಲ್‌ಗಳ ಜೊತೆ ಕೆಳಗೆ ಕೂರುತ್ತದೆ. 1 ಮಿಲಿ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ನೀರು ಚೆಲ್ಲಿ, ತಳದಲ್ಲಿ ಉಳಿದ ಗಸಿ, ಅಂದರೆ ಪೆಲೆಟ್ ಅನ್ನು ಇಂಡಿಗೋ ಕರಗಿಸುವ ಡಿಎಂಎಸ್‌ಒ ದ್ರಾವಕದಲ್ಲಿ ಚೆನ್ನಾಗಿ ಕಲಕಿ. ಮತ್ತೆ ತಿರುಗಿಸಿ, ಮೇಲಿನ ನೀಲಿಯನ್ನು 620 ನ್ಯಾನೋಮೀಟರ್‌ನಲ್ಲಿ ಓದಿ. ಕೊಂಡು ತಂದ ಶುದ್ಧ ಇಂಡಿಗೋದಿಂದ ಸ್ಟ್ಯಾಂಡರ್ಡ್ ಗೆರೆ ಹಾಕಿಕೊಂಡಿರಿ. 540ರ ಹತ್ತಿರವೂ ಒಂದು ಉಬ್ಬು ಕಂಡರೆ ಅದು ಇಂಡಿರುಬಿನ್, ಕೆಂಪು ನೆಂಟ. ಇಂಡಾಕ್ಸಿಲ್ ಇನ್ನೊಂದು ಇಂಡಾಕ್ಸಿಲ್ ಬಿಟ್ಟು, ಅದೇ ಇನ್ನಷ್ಟು ಆಮ್ಲಜನಕ ಸೇರಿ ಆದ ಐಸಾಟಿನ್ ಜೊತೆ ಸೇರಿದರೆ ಇದು ಹುಟ್ಟುತ್ತದೆ.

ಈ ಕೆಂಪು ನೆಂಟ ದೊಡ್ಡ ಕಂಪನಿಗಳನ್ನೂ ಕಾಡಿದ್ದಾನೆ. 1990ರ ದಶಕದಲ್ಲಿ ಜೆನೆನ್‌ಕೋರ್ ಕಂಪನಿ ದುಬಾರಿ ಟ್ರಿಪ್ಟೋಫಾನ್ ಬಿಟ್ಟು ಗ್ಲೂಕೋಸ್‌ನಿಂದಲೇ ಇಂಡೋಲ್ ತೆಗೆಯುವ ದಾರಿ ಕಂಡುಕೊಂಡಿತು. ಟ್ರಿಪ್ಟೋಫಾನ್ ಕಟ್ಟುವ ಕಿಣ್ವವನ್ನೇ ತಿದ್ದಿ, ಇಂಡೋಲ್ ಮಧ್ಯದಲ್ಲೇ ಸೋರುವಂತೆ ಮಾಡಿದರು. ನನ್ನ ಗ್ಲೂಕೋಸ್ ತಪ್ಪು ಅವರ ದಾರಿಯಲ್ಲಿ ತಪ್ಪೇ ಅಲ್ಲ ನೋಡಿ! ಕೆಂಪು ಛಾಯೆ ತೆಗೆಯಲು ಐಸಾಟಿನ್ ಒಡೆಯುವ ಇನ್ನೊಂದು ಕಿಣ್ವವನ್ನೂ ಸೇರಿಸಿದರು. 2018ರಲ್ಲಿ ಬರ್ಕ್‌ಲಿಯ ಜಾನ್ ಡ್ಯೂಬರ್ ತಂಡ ಇನ್ನೂ ಚೆಂದದ ಕೆಲಸ ಮಾಡಿತು. ಇಂಡಾಕ್ಸಿಲ್‌ಗೆ ಸಕ್ಕರೆಯ ಟೋಪಿ ಹಾಕಿ ನೀರಿನಲ್ಲಿ ಕರಗುವಂತೆ ಇಟ್ಟು, ಬಟ್ಟೆಯ ಮೇಲೆ ಕಿಣ್ವದಿಂದ ಟೋಪಿ ತೆಗೆದರು. ಬಣ್ಣ ಅಲ್ಲೇ ಹುಟ್ಟಿತು.

ನಮ್ಮ ಫ್ಲಾಸ್ಕ್‌ನ ಬಣ್ಣವನ್ನು ಬಟ್ಟೆಗೆ ಹಾಕಲು ಹಳೆಯ ದಾರಿಯೇ ಸಾಕು. ಪೆಲೆಟ್ ಅನ್ನು 121 ಡಿಗ್ರಿಯಲ್ಲಿ ಅರ್ಧ ಗಂಟೆ ಆಟೋಕ್ಲೇವ್ ಮಾಡಿ, ಅಂದರೆ ಕುಕ್ಕರ್‌ನಂತಹ ಮಿಷನ್‌ನಲ್ಲಿ ಒತ್ತಡದ ಹಬೆಯಲ್ಲಿ ಬೇಯಿಸಿ. ಒಂದು ಬ್ಯಾಕ್ಟೀರಿಯಾವೂ ಜೀವಂತ ಹೊರಗೆ ಹೋಗಬಾರದು. ಬಿಸಿನೀರಿಗೆ ಆ ಪೆಲೆಟ್, ಕಾಸ್ಟಿಕ್ ಸೋಡ, ಸೋಡಿಯಂ ಹೈಡ್ರೋಸಲ್ಫೈಟ್ ಹಾಕಿ, ಗಾಳಿ ಸೇರದಂತೆ ಮೆಲ್ಲಗೆ ಕಲಕಿ. ನೀಲಿ ಹೋಗಿ ಹಳದಿ ಹಸಿರು ಬರುತ್ತದೆ. ಹತ್ತಿ ಬಟ್ಟೆ ಅದ್ದಿ ಮೇಲೆತ್ತಿ ಹಿಡಿದರೆ ಅಂಚಿನಿಂದ ಶುರುವಾಗಿ ಕಣ್ಣೆದುರೇ ಹಸಿರು ನೀಲಿಯಾಗುತ್ತದೆ. ಎಷ್ಟು ಸಲ ಮಾಡಿದ್ದೇನೋ, ಈ ಅರ್ಧ ನಿಮಿಷ ನಾನು ಫೋನ್ ಬಂದರೂ ಎತ್ತಲ್ಲ.

ಮೊದಲ ಕರ್ಚೀಫ್ ಚೆನ್ನಾಗಿ ತೊಳೆದು ಊರಿಗೆ ಒಯ್ದಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದರು, ಹೆಬ್ಬೆರಳಿನಿಂದ ಉಜ್ಜಿದರು, ಉಗುರು ನೋಡಿಕೊಂಡರು. “ಬಣ್ಣ ನಿಂತಿದೆ ಬಿಡು. ಆದರೆ ಒಂದೇ ಅದ್ದು ಅದ್ದಿದೀಯ. ಆರು ಸಲ ಅದ್ದು, ಪ್ರತಿ ಸಲ ಗಾಳಿಗೆ ಹಿಡಿ.”

ಆರು ಸಲ ಅದ್ದಿ. ಪ್ರತಿ ಸಲ ಗಾಳಿಗೆ ಹಿಡಿಯಿರಿ.