ತರಕಾರಿ ಏಡಿ ಸೂಪ್: ಚಿಪ್ಪು ಬಿಸಾಡಬೇಡಿ

ಏಡಿ ಸೂಪ್ ಅಂದ ತಕ್ಷಣ ಎಲ್ಲರ ಗಮನ ಹೋಗುವುದು ಮಾಂಸದ ಕಡೆಗೆ. ನನಗೆ ಮುಖ್ಯ ಅನ್ನಿಸುವುದು ಚಿಪ್ಪು. ಸೂಪಿನ ರುಚಿ ಮುಕ್ಕಾಲು ಪಾಲು ಅದರಿಂದಲೇ ಬರುತ್ತದೆ.

ನಾಲ್ಕು ಜನಕ್ಕೆ ಮಧ್ಯಮ ಗಾತ್ರದ 2 ಏಡಿ ಸಾಕು. ಕೈಯಲ್ಲಿ ಎತ್ತಿದರೆ ಭಾರ ಇರಬೇಕು, ಹಗುರ ಇದ್ದರೆ ಒಳಗೆ ಮಾಂಸ ಕಡಿಮೆ ಅಂತಲೇ ಅರ್ಥ. ಜೀವ ಇರುವುದನ್ನೇ ತರುತ್ತೇನೆ, ಯಾಕಂದರೆ ಸತ್ತ ಏಡಿ ತುಂಬಾ ಬೇಗ ಕೆಡುತ್ತದೆ. ಅಮೋನಿಯಾ ತರಹ ಘಾಟು ಬಂದರೆ ಮುಟ್ಟಲೇಬೇಡಿ. ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟರೆ ಏಡಿ ಮಂಕಾಗುತ್ತದೆ, ಆಮೇಲೆ ಬಿಡಿಸುವುದು ಸುಲಭ. ಹೊಟ್ಟೆ ಮೇಲಿನ ಮಡಿಕೆ ಕಿತ್ತು, ಹಿಂಬದಿಯಿಂದ ಹೆಬ್ಬೆರಳು ತೂರಿಸಿ ಮೇಲಿನ ಚಿಪ್ಪು ಎಬ್ಬಿಸಿ. ಎರಡೂ ಪಕ್ಕದಲ್ಲಿ ಬೂದು ಬಣ್ಣದ, ಗರಿಯಂಥ ಮೆತ್ತನೆ ಎಳೆಗಳು ಸಾಲಾಗಿ ಇರುತ್ತವೆ ಅಲ್ವಾ, ಅವು ಕಿವಿರು. ಅವನ್ನೂ ಕಣ್ಣಿನ ಹಿಂದಿರುವ ಪುಟ್ಟ ಚೀಲವನ್ನೂ ತೆಗೆದುಬಿಡಿ.

ತೊಳೆದ ಏಡಿಯನ್ನು ಒಂದೂವರೆ ಲೀಟರ್ ನೀರಲ್ಲಿ 8ರಿಂದ 10 ನಿಮಿಷ ಬೇಯಿಸಿ, ಮಾಂಸ ಬಿಡಿಸಿ ಪಕ್ಕಕ್ಕಿಡುತ್ತೇನೆ. ಆ ನೀರು ಚೆಲ್ಲಬಾರದು. ಈಗ ಚಿಪ್ಪನ್ನು ಜಜ್ಜಿ, ಬೆಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಒಂದು ಟೊಮೇಟೊ ಜೊತೆ ಹುರಿಯಬೇಕು. ಇಲ್ಲಿ ಆತುರ ಬೇಡ. ಏಡಿ ಬೆಂದಾಗ ಕೆಂಪಾಗುವುದು ಅಸ್ಟಾಕ್ಸಾಂಥಿನ್ ಅನ್ನುವ ಬಣ್ಣದಿಂದ. ಹಸಿ ಚಿಪ್ಪಿನಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಬಿಸಿ ತಾಗಿದಾಗ ಬಿಡುತ್ತದೆ. ಈ ಬಣ್ಣ ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಿ ಅಲ್ಲ. ಅದಕ್ಕೇ ಬೆಣ್ಣೆ. ಐದಾರು ನಿಮಿಷದಲ್ಲಿ ಬೆಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗಿ, ಮನೆ ತುಂಬ ಘಮ ಬರುತ್ತದೆ. ಆಗ ಎತ್ತಿಟ್ಟ ನೀರು ಸುರಿದು, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಡಿ, ಮೇಲೆ ಬರುವ ನೊರೆ ತೆಗೆಯುತ್ತಾ ಇರಿ. ಜೋರಾಗಿ ಕುದಿಸಿದರೆ ಸೂಪ್ ಕದಡುತ್ತದೆ. ಆಮೇಲೆ ತೆಳು ಬಟ್ಟೆಯಲ್ಲೇ ಸೋಸಿ, ಜರಡಿ ಸಾಲದು, ಚಿಪ್ಪಿನ ಚೂರು ಗಂಟಲಿಗೆ ಚುಚ್ಚುತ್ತದೆ.

ತರಕಾರಿ ಸರಳ. ಕ್ಯಾರೆಟ್, ಆಲೂಗಡ್ಡೆ ಮೊದಲು, ಬೀನ್ಸ್, ಮೆಕ್ಕೆಜೋಳದ ಕಾಳು ಆಮೇಲೆ. ಜೋಳದ ಸಿಹಿ ಏಡಿಯ ಸಿಹಿಗೆ ತುಂಬಾ ಚೆನ್ನಾಗಿ ಹೊಂದುತ್ತದೆ. ಹೂಕೋಸು ನಾನು ಹಾಕುವುದಿಲ್ಲ, ಅದರ ವಾಸನೆ ಏಡಿಯನ್ನು ಮುಚ್ಚಿಬಿಡುತ್ತದೆ.

ಏಡಿಯಲ್ಲೇ ಉಪ್ಪು ಇರುವುದರಿಂದ ರುಚಿ ನೋಡಿಯೇ ಉಪ್ಪು ಹಾಕಿ. ಕಾಳುಮೆಣಸು ಕೊನೆಗೆ. ಮಾಂಸ ಅದಕ್ಕೂ ಆಮೇಲೆ, ಒಂದೇ ನಿಮಿಷ ಬಿಸಿಯಾದರೆ ಸಾಕು, ಜಾಸ್ತಿ ಕುದಿಸಿದರೆ ನಾರುನಾರಾಗುತ್ತದೆ. ಮರುದಿನಕ್ಕೆ ಸ್ವಲ್ಪ ಉಳಿಸಬೇಕು ಅಂದರೆ ಮಾಂಸ ಬೆರೆಸುವ ಮೊದಲೇ ಎರಡನ್ನೂ ಬೇರೆ ಬೇರೆ ಫ್ರಿಜ್‌ಗೆ ಹಾಕಿ.