ವಾಸ್ತು ನೋಡಿ ಧಾರವಾಡದಲ್ಲಿ ಪ್ಲಾಟ್ ಕೊಂಡೆವು: ನನ್ನ ಅನುಭವ

ವಾಸ್ತು ಅಂದ ಕೂಡಲೇ ಅಡುಗೆಮನೆ ಎಲ್ಲಿ, ದೇವರ ಕೋಣೆ ಎಲ್ಲಿ ಅಂತ ಮಾತು ಶುರುವಾಗುತ್ತದೆ. ಅದೆಲ್ಲ ಆಮೇಲಿನ ಮಾತು. ಮಯಮತ ಅನ್ನುವ ಹಳೆಯ ವಾಸ್ತು ಗ್ರಂಥ ತೆಗೆದು ನೋಡಿ, ಜ್ಯೋತಿಷಿ ವರಾಹಮಿಹಿರನ ಬೃಹತ್ಸಂಹಿತೆ ನೋಡಿ, ಎರಡರಲ್ಲೂ ನೆಲವನ್ನು ಪರೀಕ್ಷೆ ಮಾಡುವ ವಿಧಾನ ಇದೆ. ಮಣ್ಣು, ಇಳಿಜಾರು, ದಿಕ್ಕು. ಧಾರವಾಡದಲ್ಲಿ ಪ್ಲಾಟ್ ಹುಡುಕುವಾಗ ಈ ಪರೀಕ್ಷೆಗಳನ್ನು ನಾನೇ ನಿಂತು ಮಾಡಿದೆ. ಅದೂ ಅಡ್ವಾನ್ಸ್ ಕೊಡುವ ಮೊದಲು. ಕೊಂಡ ಮೇಲೆ ವಾಸ್ತು ಕೇಳಿದರೆ ಗೋಡೆ ಒಡೆಯುವ ಸಲಹೆಯೇ ಬರುತ್ತದೆ, ಅಲ್ವಾ?

ನಮ್ಮ ಧಾರವಾಡ ಎರಡು ಮಣ್ಣಿನ ಗಡಿ. ಪಡುವಣಕ್ಕೆ ಹೋದರೆ ಮಸಾರಿ, ಕೆಂಪು ನೆಲ. ಮೂಡಣಕ್ಕೆ ನವಲಗುಂದದ ಕಡೆ ಎರೆ, ಕಪ್ಪು ಭೂಮಿ. ಎರೆ ಮಣ್ಣು ಹತ್ತಿಗೆ, ಕಡಲೆಗೆ, ಬಿಳಿಜೋಳಕ್ಕೆ ಬಂಗಾರ. ಮನೆಗೆ ಮಾತ್ರ ಕಷ್ಟ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಗೋಡೆಯೂ ಅದರ ಜೊತೆ ಸೀಳುತ್ತದೆ. ಅದರಲ್ಲೂ ಮನೆ ಕಟ್ಟಬಹುದು, ಆದರೆ ಪಾಯದ ಖರ್ಚು ಜಾಸ್ತಿ. ಅದಕ್ಕೇ ನಾನು ಮಸಾರಿ ಕಡೆಯೇ ಹುಡುಕಿದೆ.

ಗುಂಡಿ ಪರೀಕ್ಷೆ ಹೇಳುತ್ತೇನೆ ಕೇಳಿ, ಇದು ಎಲ್ಲರೂ ಮಾಡಬಹುದಾದದ್ದು. ಪ್ಲಾಟಿನ ನಡುವೆ ಒಂದು ಮೊಳ ಉದ್ದ, ಒಂದು ಮೊಳ ಅಗಲ, ಒಂದು ಮೊಳ ಆಳ ತೋಡಬೇಕು. ತೆಗೆದ ಮಣ್ಣನ್ನು ಗೋಣಿಚೀಲದ ಮೇಲೆ ಹಾಕಿಕೊಳ್ಳಬೇಕು, ಒಂದು ಹಿಡಿಯೂ ಚೆಲ್ಲಬಾರದು. ಆಮೇಲೆ ಅದೇ ಮಣ್ಣನ್ನು ಗುಂಡಿಗೆ ತುಂಬಬೇಕು. ಮಣ್ಣು ಮಿಕ್ಕಿದರೆ ಉತ್ತಮ, ಸರಿಹೋದರೆ ಮಧ್ಯಮ, ಸಾಲದಿದ್ದರೆ ಬೇಡ. ಇದರ ಹಿಂದೆ ಲೆಕ್ಕ ಇದೆ. ಗಟ್ಟಿಯಾಗಿ ಕೂತ ನೆಲವನ್ನು ಅಗೆದರೆ ಮಣ್ಣು ಸಡಿಲಾಗಿ ಹಿಗ್ಗುತ್ತದೆ, ಹಾಗಾಗಿ ಮಿಗುತ್ತದೆ. ಒಳಗೆ ಟೊಳ್ಳು ಜಾಸ್ತಿ ಇರುವ ನೆಲದಲ್ಲಿ ಮಿಗುವುದಿಲ್ಲ.

ನಾನು ನೋಡಿದ ಒಂದು ಪ್ಲಾಟು ಮೇಲ್ನೋಟಕ್ಕೆ ಬಹಳ ಚೆನ್ನಾಗಿತ್ತು. ಮೂಡಣ ರಸ್ತೆ, ಸಮತಟ್ಟು. ಅರ್ಧ ಮೊಳ ಅಗೆಯುವಷ್ಟರಲ್ಲಿ ಇಟ್ಟಿಗೆ ಚೂರು ಬಂತು. ಆಮೇಲೆ ಇದ್ದಿಲು, ಹರಿದ ಗೋಣಿ, ಬಳೆ ಚೂರು. ಹಾರೆ ಹಾಕಿದರೆ ಸುಮ್ನೆ ಇಳಿಯುತ್ತಿತ್ತು. ಮೂಳೆ, ಕೂದಲು, ಇದ್ದಿಲು, ಹೊಟ್ಟು ನೆಲದೊಳಗೆ ಸಿಕ್ಕರೆ ಶಲ್ಯ ದೋಷ ಅನ್ನುತ್ತಾರೆ. ಮನೆಗೆ ಬಂದು, ಸರ್ಕಾರದ ಭೂನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಆ ಸರ್ವೆ ನಂಬರ್ ತೆರೆದೆ. ಪ್ಲಾಟಿನ ಅಂಚಿಗೇ ಹಳ್ಳದ ಗೆರೆ ಇತ್ತು. ಹಳ್ಳದ ದಂಡೆಯನ್ನು ಕಸಕಡ್ಡಿಯಿಂದ ತುಂಬಿ ಲೇಔಟ್ ಮಾಡಿದ್ದರು. ಹಳೆಯ ಶಾಸ್ತ್ರ, ಹೊಸ ನಕ್ಷೆ ಎರಡೂ ಒಂದೇ ಉತ್ತರ ಕೊಟ್ಟವು. ಆ ಪ್ಲಾಟ್ ಬಿಟ್ಟೆ.

ಅಗೆಯಲು ಮಾಲೀಕರ ಒಪ್ಪಿಗೆ ಮೊದಲೇ ಕೇಳಬೇಕು. ಒಂದು ಮೊಳ ಗುಂಡಿಗೂ ಬೇಡ ಅನ್ನುವವರ ಜೊತೆ ನಾನು ಮಾತು ಮುಂದುವರಿಸಲಿಲ್ಲ.

ನೀರಿನ ಪರೀಕ್ಷೆಯೂ ಇದೆ. ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿ ನೋಡುವುದು. ನೀರು ಇಳಿಯದಿದ್ದರೆ ಒಳ್ಳೆಯ ನೆಲ. ಆದರೆ ಎರೆ ಮಣ್ಣೂ ನೀರನ್ನು ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಇದೊಂದನ್ನೇ ನಂಬಬೇಡಿ, ಮಣ್ಣಿನ ಗುಣ ನೋಡಿದ ಮೇಲೆ ಮಾಡಿ.

ಇನ್ನು ದಿಕ್ಕು. ಮೊಬೈಲ್ ದಿಕ್ಸೂಚಿ ಕಬ್ಬಿಣದ ಗೇಟು, ಕಾರು ಹತ್ತಿರ ಇದ್ದರೆ ವಾಲುತ್ತದೆ. ನಾನು ಶಂಕು ನೆಟ್ಟೆ. ಸಮ ಮಾಡಿದ ನೆಲದಲ್ಲಿ ಒಂದು ಮೊಳದ ನೆಟ್ಟನೆಯ ಕಡ್ಡಿ, ಅದರ ಸುತ್ತ ಎರಡು ಮೊಳದ ದಾರದಿಂದ ವೃತ್ತ. ಅದು ಡಿಸೆಂಬರ್. ಬೆಳಿಗ್ಗೆ 9ರ ಹೊತ್ತಿಗೆ ನೆರಳಿನ ತುದಿ ಪಡುವಣದ ಕಡೆ ವೃತ್ತವನ್ನು ಮುಟ್ಟಿ ಒಳಗೆ ಬಂತು. ಅಲ್ಲಿ ಒಂದು ಗೂಟ. ಮಧ್ಯಾಹ್ನ 4ಕ್ಕೆ ಸ್ವಲ್ಪ ಮುಂಚೆ ಮೂಡಣದ ಕಡೆ ವೃತ್ತ ದಾಟಿತು. ಅಲ್ಲಿ ಇನ್ನೊಂದು. ಎರಡಕ್ಕೂ ದಾರ ಎಳೆದರೆ ಅದೇ ಪೂರ್ವ-ಪಶ್ಚಿಮ. ನಿಜ ಹೇಳಬೇಕೆಂದರೆ, ಆ ದಾರ ಬಿಗಿಯಾದಾಗ ಆದ ಖುಷಿ ದೊಡ್ಡದು. ಬರೀ ಕಡ್ಡಿ, ದಾರ, ಬಿಸಿಲು ಇಷ್ಟರಿಂದಲೇ ನಮ್ಮ ಹಿರಿಯರು ಗುಡಿಗಳ ದಿಕ್ಕು ಹಿಡಿದರು.

ಹೀಗೆ ಅಳೆದಾಗ, ಬ್ರೋಷರ್‌ನಲ್ಲಿ ‘ಪೂರ್ವ ದಿಕ್ಕಿನ ಪ್ಲಾಟ್’ ಅಂತ ಇದ್ದ ಒಂದು, ಬಹಳಷ್ಟು ಆಗ್ನೇಯಕ್ಕೆ ತಿರುಗಿತ್ತು. ದಿಕ್ಕುಗಳು ಮೂಲೆಗೆ ಬೀಳುವ ಇಂಥ ಪ್ಲಾಟನ್ನು ವಿದಿಕ್ಕು ಅನ್ನುತ್ತಾರೆ. ಅಲ್ಪಸ್ವಲ್ಪ ವಾಲಿಕೆಗೆ ಯಾರೂ ತಕರಾರು ಮಾಡುವುದಿಲ್ಲ, ಇದು ಜಾಸ್ತಿಯಾಯಿತು.

ಇಳಿಜಾರು ನೋಡಲು ಪೈಪ್ ಲೆವೆಲ್ ಸಾಕು. ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿ ಎರಡು ಮೂಲೆಗೆ ಹಿಡಿದರೆ ಎತ್ತರ ಗೊತ್ತಾಗುತ್ತದೆ. ನೈಋತ್ಯ ಎತ್ತರ, ಈಶಾನ್ಯ ತಗ್ಗು ಇರಬೇಕು. ಆಕಾರಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ: ಚೌಕ ಅಥವಾ ಆಯತ ಇರಬೇಕು, ಈಶಾನ್ಯ ಕತ್ತರಿಸಿರಬಾರದು, ಎದುರಿನ ರಸ್ತೆ ನೇರ ಬಂದು ಕುತ್ತಬಾರದು. ಅಷ್ಟೇ.

ಎರಡು ಮಾತು ಗಟ್ಟಿಯಾಗಿ ಹೇಳಬೇಕು. ದಕ್ಷಿಣ ರಸ್ತೆಯ ಪ್ಲಾಟ್ ಅಂದರೆ ಜನ ಹೆದರುತ್ತಾರೆ, ಬೆಲೆಯೂ ಇಳಿಯುತ್ತದೆ. ಆದರೆ ವಾಸ್ತುವಿನಲ್ಲಿ ಜಾಗವನ್ನು 81 ಚೌಕಗಳಾಗಿ, ಅಂದರೆ ಪದಗಳಾಗಿ, ಭಾಗಿಸುವ ಮಂಡಲದಲ್ಲಿ ಅಂಚಿಗೆ 32 ಪದಗಳಿವೆ, ನಾಲ್ಕೂ ದಿಕ್ಕಿಗೆ ಒಳ್ಳೆಯ ಬಾಗಿಲ ಪದ ಇದೆ. ದಕ್ಷಿಣಕ್ಕೆ ಗೃಹಕ್ಷತ ಅನ್ನುವ ಪದ ಶುಭ. ಬಾಗಿಲು ಎಲ್ಲಿ ಬೀಳುತ್ತದೆ ಅನ್ನುವುದು ಮುಖ್ಯ, ರಸ್ತೆ ಯಾವ ಕಡೆ ಅನ್ನುವುದಲ್ಲ. ಹಾಗೆಯೇ ಆಯ, ಅಂದರೆ ಅಳತೆಯಿಂದ ಲೆಕ್ಕ ಹಾಕುವ ಶುಭಾಶುಭ, ಬರಲಿಲ್ಲ ಅಂತ ಪ್ಲಾಟ್ ಬಿಡಬೇಡಿ. ಧ್ವಜಾಯ, ವೃಷಭಾಯದಂಥ ಶುಭ ಆಯ ಬರುವಂತೆ ಕಟ್ಟಡದ ಅಳತೆಯನ್ನು ಕೆಲವು ಇಂಚು ಹೊಂದಿಸಿಕೊಳ್ಳಬಹುದು. ಮಣ್ಣನ್ನು, ಇಳಿಜಾರನ್ನು ಹಾಗೆ ಹೊಂದಿಸಲು ಆಗುವುದಿಲ್ಲ.

ಕೊನೆಗೆ ನಮಗೆ ಒದಗಿದ್ದು 40x60 ಅಡಿಯ ದಕ್ಷಿಣ ರಸ್ತೆಯ ಪ್ಲಾಟು. ಕೆಂಪು ಮಣ್ಣು, ಕೆಳಗೆ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು. ಗುಂಡಿ ತುಂಬಿದ ಮೇಲೂ ಒಂದು ಬುಟ್ಟಿ ಮಣ್ಣು ಉಳಿಯಿತು. ನೀರು ತಾನಾಗಿ ಈಶಾನ್ಯಕ್ಕೆ ಹರಿಯುತ್ತದೆ. ಮನೆಯವರು ದಕ್ಷಿಣ ಅಂತ ಹಿಂಜರಿದರು. ಮಂಡಲ ಬರೆದು ಬಾಗಿಲ ಜಾಗ ತೋರಿಸಿದ ಮೇಲೆ ಒಪ್ಪಿದರು. ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ಲೇಔಟ್ ಮಂಜೂರಾತಿ, ಇ-ಖಾತೆ, ಋಣಭಾರ ಪತ್ರ ಎಲ್ಲವನ್ನೂ ವಕೀಲರಿಗೆ ತೋರಿಸಿ ನೋಂದಣಿ ಮಾಡಿಸಿದೆವು. ಸಂಪನ್ನು ಈಶಾನ್ಯಕ್ಕೆ ಗುರುತು ಹಾಕಿಯಾಗಿದೆ. ಎಂಜಿನಿಯರ್ ಬಂದು ಅದೇ ನಡುವಿನ ಗುಂಡಿಯನ್ನು ಇನ್ನಷ್ಟು ಆಳ ತೋಡಿಸಿ, ಗರಸು ಎಷ್ಟಕ್ಕೆ ಸಿಗುತ್ತದೆ ನೋಡಿ, ಪಾಯದ ಆಳ ಬರೆದುಕೊಂಡು ಹೋದರು.